ಹಂಡೆಯಲ್ಲಿಟ್ಟ ಸಮುದ್ರ

ಕ್ಯಾಸಂಬಳ್ಳಿ
16-4-1986

ಸಮುದ್ರದ ದಂಡೆಯ ಮಂಡಪಂ ಊರಿನಲ್ಲಿರುವ ಯಜಮಾನರಿಗೆ ಗಂಗರತ್ನಮ್ಮ ಮಾಡುವ ನಮಸ್ಕಾರ. ಇಲ್ಲಿ ನಾನು, ಹಸು, ನಿಮ್ಮ ಹವಳ ಮೂವರೂ ಕ್ಷೇಮ. ನಿಮ್ಮ ಮತ್ತು ನಿಮ್ಮ ಸಮುದ್ರದ ಸಮಾಚಾರ ಬರೆಯಿರಿ.

ಯುಗಾದಿಗೆಂದು ಬಂದವರು ಹಬ್ಬದ ಅಡುಗೆ ಬಿಟ್ಟು ಆ ಗಾಜಿನ ತೊಟ್ಟಿಯ ಮುಂದೆ ಕೂತಿರಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಹವಳ ಇದ್ದ ಚೀಲವನ್ನು ನೀರಿನಲ್ಲಿ ತೇಲಿಬಿಟ್ಟು, ಲೋಟ ಲೋಟ ನೀರು ಬೆರೆಸುತ್ತಾ ನೀವು ಕೂತಿದ್ದರೆ ಇಲ್ಲಿ ಹೋಳಿಗೆ ಆರಿ ಚಕ್ಕಳವಾಯಿತು. ಮೀನು, ಹವಳ ಮಾರುವ ನಿಮ್ಮ ಸಾಹುಕಾರರಿಂದ ಆ ತೊಟ್ಟಿ ತರಿಸಿದ್ದ ಚಿನ್ನದ ಗಣಿಯ ಆಫೀಸರು ವರ್ಗವಾಗಿ ಹೋದರೆ ಅದನ್ನು ಸಾಹುಕಾರರಿಗೇ ವಾಪಸ್ ಒಯ್ಯಬೇಕಾದವರು ತಂದು ನಮ್ಮ ರಾಗಿ ಪೆಟ್ಟಿಗೆಯ ಮೇಲೆ ಇಟ್ಟಿರಿ. ಇರಲಿ ಬಿಡಿ. ಮನೆಯಲ್ಲಿ ಇನ್ನೊಂದು ಜೀವ ಆಯಿತು.

ಹವಳ ಅಂದಾಗ ನಾನು ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ ಅಂದುಕೊಂಡಿದ್ದೆ. ಇದು ನೋಡಿದರೆ ಕಂದು ಬಣ್ಣದ ಉಂಡೆ. ಪಕ್ಕದ ಮನೆ ಮಂಗಮ್ಮ ಬಂದು ಬಗ್ಗಿ ನೋಡಿ, "ಏನಮ್ಮೋ ಇದು, ನಿನ್ ಗಂಡ ಅಷ್ಟ್ ದೂರದಿಂದ ಬೆರಣಿ ಒತ್ಕೊಂಡ್ ಬಂದವ್ನಾ?" ಅಂದಳು. ನನಗೆ ಅವಮಾನವೇ ಆಯಿತು. ಆದರೆ ಮರುದಿನ ಕಿಟಕಿಯಲ್ಲಿ ಬಿಸಿಲು ಬಿದ್ದ ಮೇಲೆ ಆ ಉಂಡೆಯ ಮೈತುಂಬಾ ತುಂಬೆ ಹೂವಿನಷ್ಟು ಚಿಕ್ಕ ಹೂಗಳು ಎದ್ದವು ನೋಡಿ, ಮಂಗಮ್ಮ ಬಾಯಿ ಮುಚ್ಚಿಕೊಂಡಳು. ಸಂಜೆಯಾಗುತ್ತಲೂ ಅಷ್ಟೂ ಒಳಗೆ ಹೋಗುತ್ತವೆ. ಆಮೇಲೆ ಮನೆ ಬಿಕೋ ಅನ್ನುತ್ತದೆ.

ಉಪ್ಪು ಎಷ್ಟಿದೆ ನೋಡುವ ಸಾಧನ ಕಳಿಸುತ್ತೇನೆ ಅಂದಿದ್ದಿರಿ. ಬೇಡ. ನಮ್ಮ ಹಾಲಿನ ಸೊಸೈಟಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ತೇಲಿಬಿಡುವ ಗಾಜಿನ ಕಡ್ಡಿ ಇದೆಯಲ್ಲ, ಹಳೆಯದೊಂದನ್ನು ಕೇಳಿ ಪಡೆದು ತಂದು ತೊಟ್ಟಿಗೆ ಬಿಟ್ಟೆ. ಇಪ್ಪತ್ತೈದು ತೋರಿಸಿತು. ಇಪ್ಪತ್ತೆಂಟಕ್ಕೆ ಕಡಿಮೆ ಬಂದರೆ ನಾನು ಹಾಲು ವಾಪಸ್ ಕಳಿಸುವವಳು. ನಿಮ್ಮ ಸಮುದ್ರಕ್ಕೂ ಯಾರೋ ನೀರು ಬೆರೆಸಿದ್ದಾರೆ.

ಇನ್ನೊಂದು ಮಾತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೆ ಕಿಟಕಿಯಿಂದ ನೀವು ಕೂಗಿದ್ದು ನೆನಪಿದೆ ತಾನೆ? "ಇದನ್ನ ಒಂದು ವರ್ಸ ಉಳ್ಸು ನೋಡಾನ, ಆಮ್ಯಾಕೆ ನಿನ್ನ ಕರುಸ್ಕೊಂಬಿಡ್ತೀನಿ ಕಣೆ!" ಅಂದು ನಕ್ಕಿರಿ. ನಗುವನ್ನು ನೀವೇ ಇಟ್ಟುಕೊಳ್ಳಿ, ಮಾತನ್ನು ನಾನು ಇಟ್ಟುಕೊಂಡಿದ್ದೇನೆ. ಮುಂದಿನ ಯುಗಾದಿಗೆ ಇದು ಹೂ ಬಿಟ್ಟಿರುತ್ತದೆ. ನಾನು ಗಂಟು ಕಟ್ಟಿರುತ್ತೇನೆ.

ಗಂಗರತ್ನ

---

ಮಂಡಪಂ
5-5-1986

ರತ್ನಾ,

ಕಾಗದ ತಲುಪಿತು. ಹಾಲಿನ ಕಡ್ಡಿಯ ವಿಷಯ ಸಾಹುಕಾರರಿಗೆ ಹೇಳಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಲೆಕ್ಕ ಸರಿ ಇದೆಯಂತೆ. ಇಪ್ಪತ್ತೈದರ ಹತ್ತಿರವೇ ಇರಲಿ.

ಬೇಸಿಗೆಯಲ್ಲಿ ತೊಟ್ಟಿಯ ನೀರು ಇಳಿಯುತ್ತದೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು, ಸಮುದ್ರದ ನೀರನ್ನಲ್ಲ. ನಲ್ಲಿ ನೀರಿಗೆ ಔಷಧಿ ಹಾಕಿರುತ್ತಾರೆ, ಬಾವಿಯದ್ದು ಹಾಕು. ಹಾಲು ಕರೆದ ಕೈ, ಸೋಪಿನ ಕೈ ನೀರಿಗೆ ಅದ್ದಬೇಡ. ಗಾಳಿಯ ಮೋಟರು ನಿಲ್ಲದಿರಲಿ. ಬೆಳಗಿನ ಬಿಸಿಲು ಅದಕ್ಕೆ ಊಟ ಇದ್ದ ಹಾಗೆ, ಆ ಕಿಟಕಿಗೆ ಪರದೆ ಹಾಕಬೇಡ.

ಚೀಲ ತೇಲಿಬಿಟ್ಟದ್ದಕ್ಕೆ ಸಿಟ್ಟಾಗಿದ್ದೀಯ. ಒಂದು ನೀರಿನಲ್ಲಿ ಇದ್ದದ್ದನ್ನು ಇನ್ನೊಂದು ನೀರಿಗೆ ಒಮ್ಮೆಲೇ ಹಾಕಿದರೆ ಎರಡೂ ಒಳ್ಳೆಯ ನೀರಾಗಿದ್ದರೂ ಸತ್ತುಹೋಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ಕಾದು, ಮತ್ತೆ ಬೆರೆಸಬೇಕು. ಇಲ್ಲಿ ನಾನು ಮೊದಲು ಕಲಿತದ್ದು ಇದನ್ನೇ.

ಗಣಿಯಲ್ಲಿ ನೆಲದಡಿಯ ನೀರು ಎತ್ತುತ್ತಿದ್ದವನು ಈಗ ಸಮುದ್ರ ಎತ್ತಿ ತೊಟ್ಟಿಗಳಿಗೆ ತುಂಬುತ್ತಿದ್ದೇನೆ. ಕೆಲಸ ಅದೇ, ಮೇಲೆ ಆಕಾಶ ಇದೆ ಅನ್ನುವುದಷ್ಟೇ ವ್ಯತ್ಯಾಸ. ಸಾಹುಕಾರರು ಇರಲು ಕೋಣೆ ಕೊಟ್ಟಿದ್ದಾರೆ. ಸಮುದ್ರದ ಕಡೆಗೆ ಕಿಟಕಿ ಇದೆ.

ಹೂಗಳು ಪೂರ್ತಿ ಅರಳುತ್ತಿವೆಯೋ, ಒಂದು ಪಕ್ಕ ಮಾತ್ರವೋ, ನೋಡಿ ಬರೆ.

ಸೊಣ್ಣಪ್ಪ

---

ಕ್ಯಾಸಂಬಳ್ಳಿ
20-6-1986

ಯಜಮಾನರಿಗೆ ನಮಸ್ಕಾರ. ಮೂವರೂ ಕ್ಷೇಮ.

ನಿಮ್ಮ ಕಾಗದ ಬರುವಷ್ಟರಲ್ಲಿ ನಾನು ತಪ್ಪು ಮಾಡಿ ಆಗಿತ್ತು. ನೀರು ಇಳಿದಾಗಲೆಲ್ಲ ನೀವು ಬಿಟ್ಟುಹೋದ ಡಬ್ಬಿಯ ಸಮುದ್ರವನ್ನೇ ಸುರಿಯುತ್ತಿದ್ದೆ. ಕಡ್ಡಿ ಮೂವತ್ತಕ್ಕೆ ಏರಿತ್ತು. ಹಾಲಾಗಿದ್ದರೆ ಗಟ್ಟಿ ಹಾಲು ಎಂದು ಬೆನ್ನು ತಟ್ಟುತ್ತಿದ್ದೆ. ಹವಳ ಮಾತ್ರ ಮುಖ ಬಾಡಿಸಿಕೊಂಡು ಕೂತಿತ್ತು. ದಿನಕ್ಕೊಂದು ಚೊಂಬು ಬಾವಿ ನೀರು ಹಾಕಿ ಮೆಲ್ಲಗೆ ಇಳಿಸಿದೆ. ಈಗ ಸುತ್ತಲೂ ಅರಳುತ್ತದೆ, ಒಂದು ಪಕ್ಕ ಅಲ್ಲ. ಗಾಜಿನ ಅಂಚಿಗೆ ಉಪ್ಪು ಕಟ್ಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಹೋದ ವಾರ ಹೊತ್ತು ಹುಟ್ಟಿದಾಗ ಹೋದ ಕರೆಂಟು ಮಧ್ಯಾಹ್ನದವರೆಗೂ ಬರಲಿಲ್ಲ. ಮೋಟರು ನಿಂತಿತು. ಆ ಹೊತ್ತೆಲ್ಲ ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಹೊಯ್ಯುತ್ತಾ ನಿಂತೆ, ಗಾಳಿ ಸೇರಲಿ ಎಂದು. ಸೊಸೈಟಿಗೆ ಹೋಗಲಿಲ್ಲ. ಸೆಕ್ರೆಟರಿ ಅನಸೂಯಮ್ಮ ಮನೆಗೇ ಬಂದು ಬೈದಳು. "ಮನ್ಯಾಗೆ ಕೂಸೈತಾ ನಿಂಗೆ, ಬಿಟ್ಟು ಬರಾಕಾಗ್ದೆ ಇರಾಕೆ?" ಅಂದಳು. ಅಂದದ್ದಕ್ಕೆ ಅವಳಿಗೇ ಕೆಡುಕೆನಿಸಿರಬೇಕು, ಹೋಗುವಾಗ ಕೈ ಹಿಡಿದುಕೊಂಡಳು. ನಾನು ಅಳಲಿಲ್ಲ. ಕೈ ಸೋತಿತ್ತು, ಅಷ್ಟೇ.

ಈ ಉಂಡೆಯ ಜೊತೆ ಮಾತಾಡುವುದು ಅಭ್ಯಾಸವಾಗಿಬಿಟ್ಟಿದೆ. ಹಸುವಾದರೆ ತಲೆ ಅಲ್ಲಾಡಿಸುತ್ತದೆ, ಇದು ಅದನ್ನೂ ಮಾಡುವುದಿಲ್ಲ. ನಿಮ್ಮ ಹಾಗೇ.

ಆ ಕೋಣೆಯ ವಿಷಯ ಇನ್ನೂ ಸ್ವಲ್ಪ ಬರೆಯಿರಿ. ಕಿಟಕಿ ಯಾವ ಗೋಡೆಗಿದೆ? ಒಲೆ ಹಾಕಲು ಮೂಲೆ ಇದೆಯಾ? ಕಿಟಕಿಯ ಎದುರಿಗೆ ಒಲೆ ಇದ್ದರೆ ಗಾಳಿಗೆ ಉರಿ ನಿಲ್ಲುವುದಿಲ್ಲ, ಅದಕ್ಕೆ ಕೇಳಿದೆ.

ಗಂಗರತ್ನ

---

ಮಂಡಪಂ
11-8-1986

ರತ್ನಾ,

ಬರೆಯುವುದು ತಡವಾಯಿತು. ಇಲ್ಲಿ ಗಾಳಿ ಜೋರಿದ್ದು ಸಮುದ್ರ ಕದಡಿಹೋಗಿದೆ. ಪಂಪಿನ ಬಾಯಿಗೆ ಕಸ ಕಟ್ಟುತ್ತದೆ, ಹಗಲೂ ಇರುಳೂ ಬಿಚ್ಚಿ ತೊಳೆಯುವುದೇ ಕೆಲಸ.

ಉಪ್ಪು ಇಳಿಸಿದ್ದು ಒಳ್ಳೆಯದಾಯಿತು. ಚೊಂಬಿನಿಂದ ನೀರು ಹೊಯ್ದದ್ದೂ ಸರಿ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಹಳೆಯ ನೀರನ್ನು ಆಗಾಗ ಸ್ವಲ್ಪ ತೆಗೆದು ಹೊಸದು ಹಾಕಬೇಕು. ಸಾಹುಕಾರರ ಮೀನಿನ ಡಬ್ಬಿಗಳು ಮದ್ರಾಸಿಗೆ ಹೋಗುತ್ತವಲ್ಲ, ಅವುಗಳ ಜೊತೆ ಎರಡು ಡಬ್ಬಿ ಸಮುದ್ರದ ನೀರು ಕಳಿಸುತ್ತೇನೆ. ಅಲ್ಲಿಂದ ಬೆಂಗಳೂರು ರೈಲಿಗೆ ಹಾಕುವವರು ಇದ್ದಾರೆ. ಬಂಗಾರಪೇಟೆಯಲ್ಲಿ ಪಾರ್ಸೆಲ್ ಇಳಿಸುವ ಅಶ್ವತ್ಥಪ್ಪ ನನಗೆ ಹಳೆಯ ಪರಿಚಯ, ಅವನಲ್ಲಿ ಕೇಳಿ ತಗೋ. ಒಂದು ಮಾತು, ಡಬ್ಬಿಗಳು ಸಾಹುಕಾರರವು. ಮನೆಯಲ್ಲಿ ನೀರು ಬಗ್ಗಿಸಿಕೊಂಡು ಖಾಲಿ ಡಬ್ಬಿಗಳನ್ನು ತಡಮಾಡದೆ ಅಶ್ವತ್ಥಪ್ಪನಿಗೆ ಮುಟ್ಟಿಸು. ನೀರನ್ನು ಮುಚ್ಚಿ ಕತ್ತಲಲ್ಲಿ ಇಡು, ಕೆಡುವುದಿಲ್ಲ.

ನನ್ನ ಊಟ ಹೋಟೆಲಿನಲ್ಲಿ. ಒಲೆಯ ಅವಶ್ಯಕತೆ ಬಿದ್ದಿಲ್ಲ.

ಸೊಣ್ಣಪ್ಪ

---

ಕ್ಯಾಸಂಬಳ್ಳಿ
6-10-1986

ಯಜಮಾನರಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ಸಮುದ್ರ ಬಂತು. ಅಶ್ವತ್ಥಪ್ಪ ಡಬ್ಬಿ ಇಳಿಸಿಕೊಟ್ಟು, "ಅಕ್ಕಾ, ಉಪ್ನೀರು ಬೇಕಂದ್ರೆ ಇಲ್ಲೇ ಒಂದು ಸೇರು ಉಪ್ಪು ಕದಡ್ಕೊಳ್ಳಾಕಿಲ್ವಾ? ಸೊಣ್ಣಪ್ಪಣ್ಣಂಗೆ ಬ್ಯಾರೆ ಕೆಲ್ಸ ಇಲ್ವಾ?" ಅಂದ. ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯಲ್ಲಿ ಸೀಮೆಎಣ್ಣೆ ಇದೆ ಎಂದು ಹಟ ಹಿಡಿದ. "ಸಮುದ್ರ ಕಣಪ್ಪ" ಅಂದೆ. "ಸಮುದ್ರಕ್ಕಾದ್ರೆ ಲಗೇಜ್ ಟಿಕೆಟ್ ತಕ್ಕೋಬೇಕು" ಅಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ತುಂಬಾ ದಿನವಾಗಿತ್ತು ಹಾಗೆ ನಕ್ಕು.

ನೀವು ಹೇಳಿದ ಹಾಗೆ ಡಬ್ಬಿ ಅಂದೇ ಖಾಲಿ ಮಾಡಿದೆ. ನೀರು ತುಂಬಿಡಲು ಅತ್ತೆಯ ತಾಮ್ರದ ಹಂಡೆ ಅಟ್ಟದಿಂದ ಇಳಿಸಿದೆ. ಹುಣಸೆಹಣ್ಣು, ಬೂದಿ ಹಾಕಿ ಮುಖ ಕಾಣುವ ಹಾಗೆ ಉಜ್ಜಿದೆ. ಪ್ಲಾಸ್ಟಿಕ್ಕಿನ ಬಕೆಟ್ಟೂ ಇತ್ತು, ಮನಸ್ಸು ಒಪ್ಪಲಿಲ್ಲ. ನಿಮ್ಮ ಕೈಯಾರೆ ತುಂಬಿ ಕಳಿಸಿದ ನೀರು, ಮನೆಯಲ್ಲಿರುವ ಒಳ್ಳೆಯ ಪಾತ್ರೆಯಲ್ಲೇ ಇರಲಿ ಎಂದು. ಮುಚ್ಚಳ ಮುಚ್ಚಿ ನಡುಮನೆಯ ಕತ್ತಲಲ್ಲಿ ಇಟ್ಟಿದ್ದೇನೆ. ಒಂದೊಂದು ಸಲ ಮುಚ್ಚಳ ತೆಗೆದು ಮೂಸಿ ನೋಡುತ್ತೇನೆ. ನೀವು ಹಬ್ಬಕ್ಕೆ ಬಂದಾಗ ಅಂಗಿಯಲ್ಲಿ ಬರುತ್ತಿದ್ದ ವಾಸನೆ ಇದೇ.

ದಸರಾ ಬಂತು, ಅರ್ಧ ವರ್ಷ ಆಯಿತು. ಒಲೆಯ ಮೂಲೆಯ ವಿಷಯ ನೀವು ಬರೆಯಲಿಲ್ಲ. ಒಲೆ ಇಲ್ಲದಿದ್ದರೆ ಇಲ್ಲಿಂದ ನಾನೇ ಒಂದು ಸೀಮೆಎಣ್ಣೆ ಸ್ಟವ್ ತರುತ್ತೇನೆ.

ಗಂಗರತ್ನ

---

ಮಂಡಪಂ
19-11-1986

ರತ್ನಾ,

ಕಾಗದ ಓದಿದೆ. ನೀರು ಮುಟ್ಟಿದ್ದು ಸಂತೋಷ.

ಇಲ್ಲಿ ನನ್ನ ತಲೆ ಸರಿಯಿಲ್ಲ. ಹಳೆಯ ಪಂಪಿನಲ್ಲಿ ಒಂದು ಹಿತ್ತಾಳೆಯ ವಾಲ್ವು ಉಳಿದುಬಿಟ್ಟಿತ್ತಂತೆ. ಅದರಿಂದ ಒಂದು ತೊಟ್ಟಿಯ ಹವಳ ಅಷ್ಟೂ ಹೋಯಿತು. ಸಾಹುಕಾರರ ಬಾಯಿಗೆ ಬಿದ್ದೆ. ಈಗ ಎಲ್ಲ ಪ್ಲಾಸ್ಟಿಕ್ ಪೈಪು ಹಾಕಿಸಿದ್ದಾರೆ. ರಜ ಕೇಳುವ ಮುಖ ಇಲ್ಲ.

ಚಳಿಗಾಲ ಬರುತ್ತಿದೆ. ನಮ್ಮ ಕಡೆಯ ಚಳಿ ಅದಕ್ಕೆ ಆಗುವುದಿಲ್ಲ. ತೊಟ್ಟಿಯ ಮೂರು ಮಗ್ಗುಲಿಗೆ ಕಂಬಳಿ ಸುತ್ತು, ಬಿಸಿಲಿನ ಮಗ್ಗುಲು ತೆರೆದಿರಲಿ. ಇನ್ನೆರಡು ಡಬ್ಬಿ ಕಳಿಸುತ್ತೇನೆ.

ಸೊಣ್ಣಪ್ಪ

---

ಕ್ಯಾಸಂಬಳ್ಳಿ
14-12-1986

ಯಜಮಾನರಿಗೆ ನಮಸ್ಕಾರ.

ಬೈಸಿಕೊಂಡದ್ದು ಓದಿ ಬೇಜಾರಾಯಿತು. ಗಣಿಯಲ್ಲಿ ಪಂಪು ಕೆಟ್ಟಾಗ ನಿಮಗೆ ಹೀಗೇ ನಿದ್ದೆ ಬರುತ್ತಿರಲಿಲ್ಲ. ಬಿಸಿ ನೀರು ಕಾಯಿಸಿ ಬೆನ್ನಿಗೆ ಹೊಯ್ದರೆ ಸುಮ್ಮನಾಗುತ್ತಿದ್ದಿರಿ. ಅಲ್ಲಿ ಯಾರು ಹೊಯ್ಯುತ್ತಾರೆ?

ಇಲ್ಲಿಯ ಸಮಾಚಾರ ಚೆನ್ನಾಗಿದೆ. ತೊಟ್ಟಿಗೆ ನಿಮ್ಮ ಕಂಬಳಿಯನ್ನೇ ಸುತ್ತಿದ್ದೇನೆ. ಹೊಸ ನೀರು ಹಂಡೆಗೆ ತುಂಬಿ, ಅದರಿಂದ ವಾರ ವಾರ ಸ್ವಲ್ಪ ಬದಲಾಯಿಸುತ್ತಿದ್ದೇನೆ. ಹವಳ ಈಗ ಒಂದು ಪಕ್ಕದಿಂದ ಬೆಳ್ಳಗಾಗುತ್ತಿದೆ. ಕೊಳೆಯೆಲ್ಲ ಹೋಗಿ ಮೈ ಬಿಟ್ಟುಕೊಳ್ಳುತ್ತಿದೆ ಅಂತ ಕಾಣುತ್ತದೆ. ಮಂಗಮ್ಮ ಕೂಡ, "ಈಗ್ ನೋಡಮ್ಮ ಚೆಂದ ಕಾಣ್ತೈತೆ, ಬಂಗ್ಲೇಲಿ ಗಾಜಿನ ಬೀರೂನಾಗೆ ಮಡಗಿರ್ತಾರಲ್ಲ ಅಂಗೆ" ಅಂದಳು. ಹೂ ಮಾತ್ರ ಕಡಿಮೆ ಬಿಡುತ್ತಿದೆ. ಚಳಿಗೆ ಇರಬೇಕು.

ವರ್ಷದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಸ್ಟವ್ ನೋಡಿ ಇಟ್ಟಿದ್ದೇನೆ.

ಗಂಗರತ್ನ

---

ಮಂಡಪಂ
22-12-1986

ರತ್ನಾ,

ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ. ಬಿಳಿ ಆಗುವುದು ಚೆಂದ ಅಲ್ಲ. ಬಂಗಲೆಯ ಬೀರುವಿನಲ್ಲಿ ಇರುವುದು ಸತ್ತ ಹವಳ. ಮೇಲಿನ ಕಂದು ಬಣ್ಣವೇ ಅದರ ಜೀವ. ಅದು ಬಿಟ್ಟುಹೋದರೆ ಉಳಿಯುವುದು ಮೂಳೆ.

ಇವುಗಳಿಗೆ ತಕ್ಷಣ ಉತ್ತರ ಬರೆ. ಕಡ್ಡಿ ಎಷ್ಟು ತೋರಿಸುತ್ತದೆ? ಬಿಸಿಲು ಬೀಳುತ್ತಿದೆಯಾ? ಒಲೆಯ ಹೊಗೆ ಹೋಗುತ್ತಿದೆಯಾ? ಯಾರಾದರೂ ಕೈ ಹಾಕಿದರಾ? ಸೊಳ್ಳೆಗೆ, ಜಿರಳೆಗೆ ಔಷಧಿ ಹೊಡೆದೆಯಾ? ಎಣ್ಣೆ ಬಿತ್ತಾ? ಏನು ಬದಲಾಯಿತು, ಯೋಚಿಸು.

ಅದಕ್ಕಿಂತ ಮೊದಲು ನೀರು ಹೆಚ್ಚಾಗಿ ಬದಲಾಯಿಸು. ವಾರಕ್ಕೊಮ್ಮೆ ಸಾಲದು, ದಿನ ಬಿಟ್ಟು ದಿನ ಮಾಡು. ಇವತ್ತಿನ ರೈಲಿಗೆ ನಾಲ್ಕು ಡಬ್ಬಿ ಹಾಕಿದ್ದೇನೆ.

ಸೊಣ್ಣಪ್ಪ

---

ಕ್ಯಾಸಂಬಳ್ಳಿ
30-1-1987

ಯಜಮಾನರಿಗೆ ನಮಸ್ಕಾರ. ನಾನು, ಹಸು, ಹವಳ ಮೂವರೂ ಕ್ಷೇಮ.

ನಾಲ್ಕು ಡಬ್ಬಿ ನೀರೂ ಬಂತು. ನೀವು ಹೇಳಿದ ಹಾಗೆ ದಿನ ಬಿಟ್ಟು ದಿನ ಬದಲಾಯಿಸಿದೆ. ಎಲ್ಲ ಸರಿಹೋಯಿತು. ಕಂದು ಬಣ್ಣ ವಾಪಸ್ ಬಂದಿದೆ. ಮೊದಲಿಗಿಂತ ಚೆನ್ನಾಗಿ ಹೂ ಬಿಡುತ್ತಿದೆ. ಸಂಜೆ ದೀಪ ಹಚ್ಚಿದ ಮೇಲೂ ಅರಳಿಯೇ ಇರುತ್ತದೆ, ಮುಚ್ಚುವುದೇ ಇಲ್ಲ. ನೀವು ಚಿಂತೆ ಮಾಡಬೇಡಿ.

ನೀವು ಕೇಳಿದ ಯಾವುದೂ ನಡೆದಿಲ್ಲ. ಯಾರೂ ಕೈ ಹಾಕಿಲ್ಲ. ಹೊಗೆ ಇಲ್ಲ. ಏನೂ ಬದಲಾಗಿಲ್ಲ.

ಯುಗಾದಿ ಈ ಸಲ ಮಾರ್ಚ್ ಕೊನೆಗೇ ಬಂದಿದೆ. ಹಸುವನ್ನು ಮಂಗಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ. ಮುದ್ದೆ ಕೋಲು ಅಲ್ಲಿ ಸಿಗುತ್ತದೋ ಇಲ್ಲವೋ, ತರಲೋ ಬೇಡವೋ ಬರೆಯಿರಿ.

ಗಂಗರತ್ನ

---

ಮಂಡಪಂ
2-3-1987

ರತ್ನಾ,

ನಿನ್ನ ಕಾಗದ ಬಂತು. ಚೆನ್ನಾಗಿದೆ ಅಂದರೆ ಸಂತೋಷ.

ಇನ್ನು ನೀರು ಕಳಿಸುವುದಿಲ್ಲ. ಅಷ್ಟು ದೂರ ಡಬ್ಬಿ ಹೊತ್ತು ನೀನು ಬಸ್ಸಿನಲ್ಲಿ ಒದ್ದಾಡುವುದು ಬೇಡ. ನೀನು ಮಾಡಬೇಕಾದ್ದೆಲ್ಲ ಮಾಡಿದ್ದೀಯ. ಇದಕ್ಕಿಂತ ಹೆಚ್ಚು ಯಾರೂ ಮಾಡುತ್ತಿರಲಿಲ್ಲ. ಅದರ ಬಗ್ಗೆ ಇನ್ನು ಬರೆಯದಿದ್ದರೂ ನಡೆಯುತ್ತದೆ.

ಇಲ್ಲಿ ಕೆಲಸ ಹೆಚ್ಚು. ಹಬ್ಬಕ್ಕೆ ಬರಲಾಗುವುದಿಲ್ಲ. ಆರೋಗ್ಯ ನೋಡಿಕೋ.

ಸೊಣ್ಣಪ್ಪ

---

ಕ್ಯಾಸಂಬಳ್ಳಿ
31-3-1987

ನಿಮಗೆ,

ನಿನ್ನೆ ಯುಗಾದಿ. ಬೇವು ಬೆಲ್ಲ ಒಬ್ಬಳೇ ತಿಂದೆ. ಬಾಗಿಲು ನೋಡಿಕೊಂಡು ಕೂತಿದ್ದೆ ಎಂದರೆ ನೀವು ನಗುತ್ತೀರಿ. ಬರುವುದಿಲ್ಲ ಎಂದು ಬರೆದವರು ಬರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಕೂತಿದ್ದೆ.

ಹವಳ ಸತ್ತಿದೆ. ಸಂಕ್ರಾಂತಿಗೆ ಮುಂಚೆಯೇ ಸತ್ತಿತು. ನೀವು ನಾಲ್ಕು ಡಬ್ಬಿ ನೀರು ಕಳಿಸಿದಿರಿ, ಅದನ್ನು ಹಾಕಿದಷ್ಟೂ ಬೇಗ ಬೇಗ ಬೆಳ್ಳಗಾಯಿತು. ಕೊನೆಗೆ ಎರಡೇ ಹೂ ಉಳಿದಿದ್ದವು. ಅವನ್ನೇ ನೋಡುತ್ತಾ ಕೂತಿರುತ್ತಿದ್ದೆ. ಒಂದು ದಿನ ಸೊಸೈಟಿಯಿಂದ ಬರುವಷ್ಟರಲ್ಲಿ ಅವೂ ಇರಲಿಲ್ಲ. ಈಗ ಬಿಳಿಯ ಮೇಲೆ ಪಾಚಿ ಹಿಡಿದಿದೆ. ಮೋಟರು ಇನ್ನೂ ಓಡಿಸುತ್ತಿದ್ದೇನೆ, ನಿಲ್ಲಿಸಿದರೆ ಮನೆಯಲ್ಲಿ ಸದ್ದೇ ಇರುವುದಿಲ್ಲ.

ನಾನು ಸುಳ್ಳು ಬರೆದೆ. ಯಾಕೆ ಎಂದು ನಿಮಗೆ ಗೊತ್ತಾಗಿರಬೇಕು. ಒಂದು ವರ್ಷ ಉಳಿಸಿದರೆ ಕರೆಸಿಕೊಳ್ಳುತ್ತೇನೆ ಅಂದಿದ್ದಿರಿ. ಉಳಿಸಲಿಲ್ಲ. ನೀವು ಅದನ್ನು ಮೊದಲೇ ಕಂಡುಹಿಡಿದಿರಿ, ಅದಕ್ಕೇ ನೀರು ನಿಲ್ಲಿಸಿದಿರಿ. ನೀರು ನಿಲ್ಲಿಸಿದಿರಿ ಅಂದರೆ ಮಾತು ಮುಗಿಯಿತು ಅಂತಲೇ ನಾನು ತಿಳಿದುಕೊಂಡೆ.

ಉಪ್ಪು ನೋಡಿದೆ, ಬಿಸಿಲು ನೋಡಿದೆ, ಚಳಿಗೆ ಕಂಬಳಿ ಹೊದಿಸಿದೆ. ನೀವು ಹೇಳಿದ್ದರಲ್ಲಿ ಏನು ಬಿಟ್ಟೆ ಅಂತ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅದು ಯಾಕೆ ಸತ್ತಿತು ಅನ್ನುವುದೊಂದನ್ನು ಮಾತ್ರ ಬರೆಯಿರಿ. ಒಲೆಯ ವಿಷಯ, ಬರುವ ವಿಷಯ ಇನ್ನು ಕೇಳುವುದಿಲ್ಲ.

ಗಂಗರತ್ನ

---

ಮಂಡಪಂ
9-4-1987

ರತ್ನಾ,

ಇದನ್ನು ಮೂರು ಸಲ ಬರೆದು ಹರಿದೆ.

ಹವಳ ಸತ್ತದ್ದು ನನಗೆ ಗೊತ್ತಿತ್ತು. ದೀಪ ಹಚ್ಚಿದ ಮೇಲೂ ಅರಳಿರುತ್ತದೆ ಎಂದು ನೀನು ಬರೆದಾಗಲೇ ತಿಳಿಯಿತು. ಆ ಜಾತಿ ಕತ್ತಲಾದ ಮೇಲೆ ಅರಳುವುದಿಲ್ಲ, ಮೊದಲ ಕಾಗದದಲ್ಲಿ ನೀನೇ ಅದನ್ನು ಬರೆದಿದ್ದೆ. ನನಗೆ ನೋವಾಗಬಾರದೆಂದು ಸುಳ್ಳು ಹೇಳುತ್ತಿದ್ದೀಯ ಅಂದುಕೊಂಡೆ. ಸತ್ತ ಹವಳಕ್ಕೆ ನೀರು ಹೊರಿಸುವುದು ಬೇಡ ಎಂದು ನಿಲ್ಲಿಸಿದೆ. ಆ ರೈಲಿನ ಕಿಟಕಿಯ ಮಾತು ನನಗೆ ನೆನಪೇ ಇರಲಿಲ್ಲ. ರೈಲು ಹೊರಟಾಗ ನಿನ್ನ ಮುಖ ನೋಡಲಾರದೆ ನಗಿಸಲು ಅಂದದ್ದು ಅದು. ನೀನು ಅದನ್ನು ಕಾಗದದಲ್ಲಿ ಬರೆದಿದ್ದೂ ನನ್ನ ತಲೆಗೆ ಹೋಗಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಹಳೆಯವನ್ನೆಲ್ಲ ತೆಗೆದು ಮತ್ತೆ ಓದಿದೆ. ಅಕ್ಟೋಬರಿನ ಕಾಗದದಲ್ಲಿ ಇದೆ. ಅತ್ತೆಯ ತಾಮ್ರದ ಹಂಡೆ ಉಜ್ಜಿ ನೀರು ತುಂಬಿದೆ ಎಂದು ದುಂಡಗೆ ಬರೆದಿದ್ದೀಯ. ತಾಮ್ರ ಹವಳಕ್ಕೆ ವಿಷ, ರತ್ನಾ. ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ, ಹವಳ ಆ ನೀರು ಕುಡಿಯುತ್ತದೆ. ಇಲ್ಲಿ ನಮ್ಮ ತೊಟ್ಟಿ ಹೋದದ್ದೂ ಅದರಿಂದಲೇ. ಹಿತ್ತಾಳೆಯಲ್ಲಿ ಇರುವುದೂ ತಾಮ್ರವೇ. ಅದನ್ನೂ ನಾನು ನಿನಗೆ ಬರೆದಿದ್ದೆ. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಯೇ ಇದ್ದೆವು.

ನಿನ್ನ ತಪ್ಪು ಏನೂ ಇಲ್ಲ. ತಾಮ್ರದಲ್ಲಿಟ್ಟ ನೀರು ಶ್ರೇಷ್ಠ ಎಂದು ಕುಡಿದು ಬೆಳೆದವರು ನಾವು. ಹೊಗೆ, ಎಣ್ಣೆ, ಸೋಪು ಎಲ್ಲ ಕೇಳಿದವನು ಯಾವ ಪಾತ್ರೆಯಲ್ಲಿ ಇಟ್ಟೆ ಎಂದು ಕೇಳಲಿಲ್ಲ. ಆ ಹಂಡೆಯ ನೀರನ್ನೇ ಮೈಮೇಲೆ ಹೊಯ್ದುಕೊಂಡು ದೊಡ್ಡವನಾದವನು ನಾನು. ನಮ್ಮ ಮನೆಯಲ್ಲಿ ಒಳ್ಳೆಯ ನೀರು ಬಂದರೆ ಎಲ್ಲಿಗೆ ತುಂಬುತ್ತಾರೆ ಎಂದು ನನಗೆ ಗೊತ್ತಿರಬೇಕಿತ್ತು. ಬರೆದದ್ದನ್ನು ಓದಿಯೂ ಹೊಳೆಯಲಿಲ್ಲ. ನಿನ್ನ ಕಾಗದದಲ್ಲಿ ಹವಳ ಇರುವ ಸಾಲುಗಳನ್ನು ಮಾತ್ರ ಓದುವುದು ನನಗೆ ರೂಢಿಯಾಗಿತ್ತು. ಉಳಿದ ಸಾಲುಗಳಲ್ಲಿ ನೀನು ಒಂದೇ ಮಾತು ಕೇಳುತ್ತಿದ್ದೆ, ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಕೋಣೆ ಇಲ್ಲ. ನಾನು ಮಲಗುವುದು ಪಂಪಿನ ಶೆಡ್ಡಿನಲ್ಲಿ. ಕಿಟಕಿ ಅಂದದ್ದು ಪೈಪು ಹೋಗಲು ಒಡೆದ ಗೋಡೆಯ ತೂತು. ಅದರಿಂದ ಸಮುದ್ರ ಕಾಣುವುದು ನಿಜ. ಎರಡು ಪಂಪು ಓಡುತ್ತಲೇ ಇರುತ್ತವೆ, ಪಕ್ಕದವರು ಮಾತಾಡಿದರೆ ಕೇಳಿಸುವುದಿಲ್ಲ. ಮಾತಾಡುವವರೂ ಇಲ್ಲ. ಹೆಂಡತಿಯನ್ನು ಕರೆದು ಇದರಲ್ಲಿ ಇಡುವುದು ಹೇಗೆ ಎಂದು ಯೋಚಿಸಿ ಯೋಚಿಸಿ, ಮನೆ ಸಿಕ್ಕಿದ ಮೇಲೆ ಬರೆಯೋಣ ಎಂದುಕೊಂಡೆ. ಸಿಗಲಿಲ್ಲ. ಒಬ್ಬನೇ ಇರುವುದು ಅಭ್ಯಾಸವಾಗುತ್ತಾ ಬಂತು. ಅದೇ ನನಗೆ ಈಗ ಹೆದರಿಕೆ.

ಬಾ ಎಂದು ಹೇಗೆ ಬರೆಯಲಿ?

ಸೊಣ್ಣಪ್ಪ

---

ಕ್ಯಾಸಂಬಳ್ಳಿ
18-4-1987

ಯಜಮಾನರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಹಂಡೆಯ ಮುಂದೆ ಹೋಗಿ ಕೂತೆ. ಅದರ ಒಳಗೆ ನೀರಿನ ಗುರುತಿನವರೆಗೆ ಹಸಿರು ಕಿಲುಬು ಹಿಡಿದಿದೆ. ಕಂಡಾಗಲೆಲ್ಲ ಉಜ್ಜಿ ತೆಗೆಯುತ್ತಿದ್ದೆ, ನಿಮ್ಮ ನೀರಿಗೆ ಕೊಳೆ ತಾಗಬಾರದೆಂದು. ಇಷ್ಟು ಪ್ರೀತಿಯಿಂದ ಯಾರೂ ಯಾರಿಗೂ ವಿಷ ಹಾಕಿರಲಿಕ್ಕಿಲ್ಲ. ಅತ್ತೆ ಇದ್ದಿದ್ದರೆ ಅದನ್ನೂ ನನ್ನ ಲೆಕ್ಕಕ್ಕೇ ಬರೆಯುತ್ತಿದ್ದರು. ತುಂಬಾ ಅತ್ತುಬಿಟ್ಟೆ. ಹವಳಕ್ಕೆ ಅಳು ಬಂತೋ ಯಾವುದಕ್ಕೆ ಬಂತೋ ಗೊತ್ತಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ. ಶೆಡ್ಡಿನಲ್ಲಿ ಮಲಗುವುದಕ್ಕಲ್ಲ. ಹಂಡೆ ಮರೆತದ್ದಕ್ಕೆ. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಈ ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಮರೆಯುತ್ತೀರಿ. ಅದರ ಮುಂದಿನ ವರ್ಷ ನನ್ನನ್ನು. ಕರೆಯುವವರೆಗೆ ಕಾಯುವುದು ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ. ನಾನು ಬರುತ್ತಿದ್ದೇನೆ.

ಹಂಡೆಯನ್ನು ಮಂಗಮ್ಮನ ಮನೆಯಲ್ಲಿಟ್ಟಿದ್ದೇನೆ, ಹಸುವನ್ನೂ. ಅನಸೂಯಮ್ಮ ಸೊಸೈಟಿಯ ಕೆಲಸಕ್ಕೆ ಬೇರೆಯವಳನ್ನು ನೋಡಿದ್ದಾಳೆ. ಬೈಯುತ್ತಾಳೆ ಅಂದುಕೊಂಡಿದ್ದೆ, "ಓಗಿ ಬಾರಮ್ಮ, ಅವ್ನ ಕಿವಿ ಇಂಡಿ ಕರ್ಕೊಂಡ್ ಬಾ" ಅಂದಳು. ಸತ್ತ ಹವಳವನ್ನು ಸೀರೆಯಲ್ಲಿ ಸುತ್ತಿ ತರುತ್ತಿದ್ದೇನೆ, ಅದರ ನೀರಿಗೇ ಬಿಡೋಣ. ಹಾಲಿನ ಕಡ್ಡಿಯೂ ನನ್ನ ಗಂಟಿನಲ್ಲಿದೆ. ನಿಮ್ಮ ಸಮುದ್ರ ಎಷ್ಟು ತೋರಿಸುತ್ತದೆ ಎಂದು ನಾನೇ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವೇ ಬರೆದಿದ್ದಿರಿ, ಒಂದು ನೀರಿನಲ್ಲಿ ಇದ್ದದ್ದನ್ನು ಇನ್ನೊಂದು ನೀರಿಗೆ ಒಮ್ಮೆಲೇ ಹಾಕಬಾರದು ಎಂದು. ನಾವಿಬ್ಬರೂ ತುಂಬಾ ದಿನ ಬೇರೆ ಬೇರೆ ನೀರಿನಲ್ಲಿದ್ದೆವು. ಬಂದ ತಕ್ಷಣ ಕ್ಷಮೆ ಕೇಳುವುದು, ಅದು ಇದು ವಿವರಿಸುವುದು ಬೇಡ. ಹೋಳಿಗೆ ಆರಿದರೂ ಪರವಾಗಿಲ್ಲ ಎಂದು ಹವಳಕ್ಕೆ ಕಾದು ಕೂತಿರಲಿಲ್ಲವೇ, ಹಾಗೆ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಹೇಗೂ ಅಲ್ಲಿ ಮಾತಾಡಿದರೆ ಕೇಳಿಸುವುದಿಲ್ಲವಲ್ಲ.

ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬರಬಹುದು. ಸ್ಟೇಷನ್ನಿಗೆ ಬಂದರೆ ಬನ್ನಿ. ಬರಲಾಗದಿದ್ದರೆ ಬೇಡ, ಪಂಪಿನ ಸದ್ದು ಹಿಡಿದುಕೊಂಡು ಬರುತ್ತೇನೆ.

ಗಂಗರತ್ನ